ಶಿಡ್ಲಘಟ್ಟದ ಅವಳಿಗಳನ್ನು ಡೆನ್ಮಾರ್ಕಿಗೆ ಒಯ್ದದ್ದು

ಚಿಕ್ಕಬಳ್ಳಾಪುರ

ನಾನು ಡೆನ್ಮಾರ್ಕಿಗೆ ಹೊರಟಿದ್ದೇನೆಂದು ತಿಳಿದಾಗ ನಮ್ಮ ಬೀದಿಯ ಪುಟ್ಟಮ್ಮನವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಮಕ್ಕಳಿಗೂ ಭೇದಿ ಆಗ್ತದಾ ಡಾಕ್ಟ್ರೇ?"

ನನ್ನ ಡಾಕ್ಟರ್ ಪದವಿ ಸಂಖ್ಯಾಶಾಸ್ತ್ರದ್ದು. ಇದನ್ನು ಬೀದಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಆದರೂ ಭಾನುವಾರ ಬೆಳಗಾದರೆ ಅಳುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಯಾರಾದರೂ ಗೇಟು ತಟ್ಟುತ್ತಾರೆ. ನಾನು ಮಕ್ಕಳನ್ನು ಮುಟ್ಟುವವನಲ್ಲ, ಎಣಿಸುವವನು ಎಂದರೆ ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಪಾಪ, ಇಷ್ಟು ಓದಿಯೂ ಇವನಿಗೆ ಸರಿಯಾದ ಕೆಲಸ ಸಿಗಲಿಲ್ಲ ಎಂಬ ಕನಿಕರ.

ನನ್ನ ಕೆಲಸವನ್ನು ಸರಳವಾಗಿ ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಬಂಧದೊಳಗೆ ಮದುವೆಯಾದವರ ಮಕ್ಕಳು ಹೇಗೆ ಬೆಳೆಯುತ್ತಾರೆ, ಹೊರಗಿನಿಂದ ಹೆಣ್ಣು ತಂದವರ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂದು ನಾವು ನೋಡುತ್ತೇವೆ. ಒಂದು ವರ್ಷದೊಳಗಿನ ಮಗು ಮನೆಯಲ್ಲಿ ಸಿಕ್ಕರೆ ಅದಕ್ಕೊಂದು ನಂಬರು ಕೊಟ್ಟು, ತೂಕ ಬರೆದು, ಹತ್ತಿಯಿಂದ ಕೆನ್ನೆಯ ಒಳಭಾಗ ಒರೆಸಿ ತಂದರೆ, ಆ ಹತ್ತಿಯಲ್ಲಿರುವ ವಂಶದ ಗುರುತನ್ನು ಡೆನ್ಮಾರ್ಕಿನ ಪ್ರಯೋಗಾಲಯ ಓದುತ್ತದೆ. ಹೊಸದಾಗಿ ಹುಟ್ಟಿದ ಕೂಸಾದರೆ ಕಿವಿಗೊಂದು ಸಣ್ಣ ಯಂತ್ರ ಇಟ್ಟು ಕೇಳಿಸುತ್ತದೆಯೇ ಎಂದೂ ಪರೀಕ್ಷಿಸುತ್ತೇವೆ. ಮನೆಮನೆ ತಿರುಗುವುದು ಸಾದಲಿಯ ಲಕ್ಷ್ಮೀದೇವಮ್ಮ. ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದವರು. ಏಸಿ ಕೋಣೆಯಲ್ಲಿ ಕೂತು ನಂಬರು ನೋಡುವುದು ನಾನು. ಮಕ್ಕಳ ಹೆಸರು ಅವರ ಪುಸ್ತಕದಲ್ಲಿರುತ್ತದೆ, ನನ್ನ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ಹೀಗಿರುವಾಗ ಡೆನ್ಮಾರ್ಕಿನಿಂದ ಒಂದು ಸುದ್ದಿ ಬಂತು. ಚಿಂತಾಮಣಿಯ ಕೆಲವು ಮಕ್ಕಳ ಗುರುತು ಶಿಡ್ಲಘಟ್ಟದ ಕೆಲವು ಮಕ್ಕಳ ಗುರುತಿಗೆ ಒಂದಕ್ಷರ ತಪ್ಪದೆ ಹೊಂದುತ್ತದೆ. ಗೌರಿಬಿದನೂರು, ಚಿಕ್ಕಬಳ್ಳಾಪುರದ ನಡುವೆಯೂ ಅಂಥ ಜೋಡಿಗಳಿವೆ. ಹಾಗೆ ಹೊಂದುವುದು ತದ್ರೂಪಿ ಅವಳಿಗಳಲ್ಲಿ ಮಾತ್ರ. ಹುಟ್ಟಿದಾಗಲೇ ಬೇರೆಯಾಗಿ ಎರಡು ಮನೆಯಲ್ಲಿ ಬೆಳೆಯುವ ಅವಳಿಗಳೆಂದರೆ ನಮ್ಮ ಶಾಸ್ತ್ರದವರು ಕನಸಿನಲ್ಲೂ ಜೊಲ್ಲು ಸುರಿಸುತ್ತಾರೆ. ನಾನೂ ಸುರಿಸಿದೆ. ಒಂದೇ ವಾರದಲ್ಲಿ ಸಿದ್ಧಾಂತ ಹೊಸೆದೆ. ಈ ಸೀಮೆಯಲ್ಲಿ ಅವಳಿ ಹುಟ್ಟಿದರೆ ಒಂದನ್ನು ತಾಯಿಯ ತವರಿನವರು ಸಾಕಿಕೊಳ್ಳುವ ಗುಪ್ತ ಪದ್ಧತಿಯೊಂದಿದೆ ಎಂಬುದು ಆ ಸಿದ್ಧಾಂತ.

ನಾನು ಹುಟ್ಟಿದ್ದು ಕೈವಾರದ ಪಕ್ಕದ ಹಳ್ಳಿಯಲ್ಲಿ. ಐವತ್ತು ವರ್ಷ ಇದೇ ಮಣ್ಣಿನಲ್ಲಿ ಓಡಾಡಿದ್ದೇನೆ. ಅಂಥ ಪದ್ಧತಿಯನ್ನು ಕಂಡಿಲ್ಲ, ಕೇಳಿಲ್ಲ. ಆದರೆ ಕಂಪ್ಯೂಟರೇ ಹೇಳಿದ ಮೇಲೆ ಇರಲೇಬೇಕಲ್ಲ. ಡೆನ್ಮಾರ್ಕಿನವರು ಬಂದು ಭಾಷಣ ಮಾಡಿ ಎಂದರು. ನನ್ನ ಹೆಂಡತಿ ಸುಧಾ ಸಿದ್ಧಾಂತವನ್ನು ಪೂರ್ತಿ ಕೇಳಿ, "ಯಾವ ತಾಯಿ ಕೊಡ್ತಾಳ್ರೀ ಮಗೂನ?" ಎಂದಳು. ಅವಳಿಗೆ ಸಂಖ್ಯಾಶಾಸ್ತ್ರ ಗೊತ್ತಿಲ್ಲ ಎಂದು ಸುಮ್ಮನಾದೆ.

ಕೋಪನ್‌ಹೇಗನ್‌ನಿಂದ ರೈಲು

ನವೆಂಬರಿನ ಚಳಿಗೆಂದು ಬಜಾರಿನಲ್ಲಿ ಜಾಕೆಟ್ಟು ಕೊಂಡಿದ್ದೆ. "ಕಾಶ್ಮೀರಕ್ಕೇ ಸಾಕು ಸಾರ್ ಇದು" ಎಂದಿದ್ದರು ಅಂಗಡಿಯವರು. ಕಾಶ್ಮೀರಕ್ಕೆ ಸಾಕೋ ಏನೋ, ಕೋಪನ್‌ಹೇಗನ್ ನಿಲ್ದಾಣದ ಬಾಗಿಲು ದಾಟುವಷ್ಟರಲ್ಲಿ ಅದರ ಜಿಪ್ಪು ಗಂಟಲಿನ ಹತ್ತಿರ ಕಚ್ಚಿಕೊಂಡು ಕೂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮುಂದಿನ ಮೂರು ದಿನ ಆ ಜಾಕೆಟ್ಟನ್ನು ನಾನು ಬನಿಯನ್ನಿನ ಹಾಗೆ ತಲೆಯ ಮೇಲಿಂದ ಎಳೆದು ತೆಗೆಯಬೇಕಾಯಿತು. ತೆಗೆಯುವಾಗ ಕನ್ನಡಕವೂ ಜೊತೆಗೆ ಬರುತ್ತಿತ್ತು.

ಅಲ್ಲಿಂದ ಓರ್ಹೂಸ್ ಎಂಬ ಊರಿಗೆ ರೈಲು. ಸಮುದ್ರದ ಮೇಲಿನ ಸೇತುವೆಯ ಮೇಲೆ ರೈಲು ಹೋಗುವಾಗ ಉಬ್ಬಿಹೋಗಿ ಸುಧಾಗೆ ಫೋನು ಮಾಡಿದೆ. "ನೀರು ಕಣೇ! ಎಲ್ಲಿ ನೋಡಿದ್ರೂ ನೀರು! ನಮ್ಮ ಕೆರೆಗಳಿಗೆ ಇದರಲ್ಲಿ ಒಂದು ಮೂಲೆ ಸಿಕ್ಕಿದ್ರೆ ಸಾಕಿತ್ತು!" ಬೋಗಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭಾಷೆ ಹೊಸದಲ್ಲವೇ, ಕುತೂಹಲವಿರಬೇಕು ಎಂದುಕೊಂಡು ಇನ್ನಷ್ಟು ಸ್ಪಷ್ಟವಾಗಿ ಮಾತಾಡಿದೆ. ಕೊನೆಗೆ ಎದುರು ಕೂತ ಮುದುಕರೊಬ್ಬರು ಎದ್ದು ಬಂದು ಕಿಟಕಿಯ ಮೇಲಿದ್ದ ಚಿತ್ರವನ್ನು ಬೆರಳಿನಿಂದ ತೋರಿಸಿದರು. ತುಟಿಯ ಮೇಲೆ ಬೆರಳಿಟ್ಟ ಮುಖದ ಚಿತ್ರ. ಮಾತಾಡಬಾರದೆಂದೇ ಒಂದು ಬೋಗಿ ಇಟ್ಟಿದ್ದಾರೆ! ನಮ್ಮ ಬಸ್ಸಿನಲ್ಲಿ ಹೀಗೊಂದು ಸಾಲು ಇಟ್ಟರೆ ಅದರಲ್ಲಿ ಕಂಡಕ್ಟರೂ ಕೂರುವುದಿಲ್ಲ.

ಓರ್ಹೂಸ್, ಮೊದಲ ದಿನ

ಬೆಳಗ್ಗೆ ಊರು ನೋಡಲು ಹೊರಟೆ. ಒಂದು ಕಾಫಿ ಅಂಗಡಿಯ ಹೊರಗೆ ದೊಡ್ಡ ಚಕ್ರಗಳ ಮಕ್ಕಳ ಗಾಡಿ ನಿಂತಿತ್ತು. ಇಣುಕಿದೆ. ಒಳಗೆ ಆರೇಳು ತಿಂಗಳ ಮಗು, ಮೂಗಿನ ತುದಿ ಕೆಂಪಗೆ, ನಿದ್ದೆಯಲ್ಲಿದೆ. ಸುತ್ತ ಯಾರೂ ಇಲ್ಲ. ಗಾಳಿ ನನ್ನ ಕಿವಿಯನ್ನು ಕಿತ್ತುಕೊಂಡು ಹೋಗುವಂತಿದೆ. ಮಗುವನ್ನು ಯಾರೋ ಬಿಟ್ಟುಹೋಗಿದ್ದಾರೆ ಎಂದುಕೊಂಡೆ. ಪೊಲೀಸರ ನಂಬರು ಗೊತ್ತಿಲ್ಲ. ಮಗುವನ್ನು ಎತ್ತಿಕೊಂಡರೆ ಕಳ್ಳನೆಂದಾರು. ಆದ್ದರಿಂದ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಗಾಡಿಗೆ ಅಡ್ಡಲಾಗಿ, ಕಾವಲು ನಿಂತೆ.

ಅರ್ಧ ಗಂಟೆಯಾದ ಮೇಲೆ ಅಂಗಡಿಯೊಳಗಿಂದ ಹೆಂಗಸೊಬ್ಬರು ಬಂದು ಏನು ಬೇಕೆಂದು ಕೇಳಿದರು.

"ಇಲ್ಲೊಂದು ಮಗುವಿದೆ," ಎಂದೆ.

"ಹೌದು, ನನ್ನದು."

"ತುಂಬ ಚಳಿ ಇದೆ."

"ಹೌದು, ಅದಕ್ಕೇ ಚೆನ್ನಾಗಿ ನಿದ್ದೆ ಬರುತ್ತದೆ."

ಆ ದೇಶದಲ್ಲಿ ಮಕ್ಕಳನ್ನು ಹಗಲಿನ ನಿದ್ದೆಗೆ ಹೊರಗೇ ಮಲಗಿಸುತ್ತಾರಂತೆ. ಆರೋಗ್ಯಕ್ಕೆ ಒಳ್ಳೆಯದಂತೆ. ನಮ್ಮಲ್ಲಿ ಬಾಣಂತಿ ಕೋಣೆಯ ಕಿಟಕಿಯ ಸಂದಿಗೂ ಬಟ್ಟೆ ತುರುಕಿ, ಕುಲಾವಿ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿ, ದೃಷ್ಟಿಬೊಟ್ಟು ಇಟ್ಟು ಕಾಪಾಡುತ್ತೇವೆ. ಹದಿನೈದು ವರ್ಷದಿಂದ ಮಕ್ಕಳ ಆರೋಗ್ಯವೇ ನನ್ನ ಕಸುಬು. ಆ ತಾಯಿ ಗಾಡಿಯನ್ನು ಕಿಟಕಿಯ ಇನ್ನೂ ಹತ್ತಿರಕ್ಕೆ, ನನ್ನಿಂದ ದೂರಕ್ಕೆ, ಎಳೆದುಕೊಂಡರು.

ಇಂಗ ಅವರ ಮನೆ

ನನ್ನನ್ನು ಕರೆಸಿಕೊಂಡ ಪ್ರೊಫೆಸರ್ ಇಂಗ ಅರವತ್ತು ದಾಟಿದ ಹೆಂಗಸು. ನನ್ನಂತೆಯೇ ಎಣಿಸುವವರು. ಅವರ ಮನೆಯಲ್ಲಿ ಸಂಜೆ ಆರಕ್ಕೆಲ್ಲ ರಾತ್ರಿಯ ಊಟ ಮುಗಿಯುತ್ತದೆ. ಕಪ್ಪು ಬ್ರೆಡ್ಡಿನ ಮೇಲೆ ಆಲೂಗಡ್ಡೆ ಚೂರು ಇಟ್ಟು, ಅದನ್ನೂ ಚಾಕು ಮುಳ್ಳುಚಮಚದಲ್ಲಿ ಕತ್ತರಿಸಿ ತಿನ್ನುತ್ತಾರೆ. ನಾನು ಎರಡು ಚೂರನ್ನು ಮೇಜಿನ ಆಚೆಗೆ ಹಾರಿಸಿದೆ.

ನಮ್ಮ ಕಡೆಯ ಸಂಬಂಧದ ಮದುವೆಯ ಬಗ್ಗೆ ಇಂಗ ಬಹಳ ನಾಜೂಕಾಗಿ, ನನಗೆ ನೋವಾಗದಂತೆ ಕೇಳಿದರು. ನನಗೇಕೆ ನೋವು? ಕಾಗದ ತರಿಸಿ ನನ್ನ ವಂಶವನ್ನೇ ಬರೆದು ತೋರಿಸಿದೆ. ನನ್ನಪ್ಪ ನನ್ನಮ್ಮನಿಗೆ ಸೋದರಮಾವ. ಅಪ್ಪನ ಅಕ್ಕನೇ ಅಮ್ಮನ ತಾಯಿ. ಹಾಗಾಗಿ ನನ್ನ ಅಜ್ಜಿಯೇ ನನ್ನ ಸೋದರತ್ತೆ. ಇಂಗರ ಗಂಡ ಗೆರೆಗಳ ಮೇಲೆ ಬೆರಳಾಡಿಸುತ್ತಾ ಹೋಗಿ ಹೊರಟಲ್ಲಿಗೇ ಬಂದು ನಿಂತರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಎಲ್ಲ ಅಂಗಗಳೂ ಸ್ಥಾನದಲ್ಲಿರುವುದನ್ನು ಕಂಡು ಅವರಿಗೆ ಸಮಾಧಾನವಾದಂತಿತ್ತು.

ಆ ಹುಮ್ಮಸ್ಸಿನಲ್ಲೇ ಅವಳಿಗಳ ಸಿದ್ಧಾಂತ ಹೇಳಿದೆ. ಇಂಗ ಗಮನವಿಟ್ಟು ಕೇಳಿದರು.

"ಒಂದು ಸಣ್ಣ ಅನುಮಾನ," ಎಂದರು. "ಪ್ರತಿ ಜೋಡಿಯಲ್ಲೂ ಒಂದು ಮಗು ಹುಟ್ಟಿದ ವಾರ ಸೇರ್ಪಡೆಯಾಗಿದೆ. ಇನ್ನೊಂದು ಐದರಿಂದ ಎಂಟು ತಿಂಗಳು ಕಳೆದು. ಎರಡನ್ನೂ ಒಂದೇ ದಿನ ಯಾರೂ ತೂಗಿಯೇ ಇಲ್ಲ. ಯಾಕೆ?"

"ನಮ್ಮ ರಸ್ತೆಗಳು ಹಾಗಿವೆ," ಎಂದುಬಿಟ್ಟೆ.

ಅವರು ತಲೆಯಾಡಿಸಿದರು. "ತಾಯಂದಿರು ಏನು ಹೇಳುತ್ತಾರೆ?"

ತಾಯಂದಿರನ್ನು ನಾನು ಕೇಳಿರಲಿಲ್ಲ. ನಮ್ಮ ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಿಂದೆ ಫಾರಂನ ಕೊನೆಯಲ್ಲಿ ಷರಾ ಎಂದೊಂದು ಅಂಕಣವಿತ್ತು. ಲಕ್ಷ್ಮೀದೇವಮ್ಮ ಅದರಲ್ಲಿ ಪುಟಗಟ್ಟಲೆ ಬರೆದು ತುಂಬುತ್ತಿದ್ದರು. ಕಂಪ್ಯೂಟರಿಗೆ ಊಡಿಸಲು ಬರುವುದಿಲ್ಲವೆಂದು ನಾನೇ ಅದನ್ನು ತೆಗೆಸಿ, ಮಗು ಇದೆ, ಮಗು ಇಲ್ಲ ಎಂಬ ಎರಡು ಚೌಕ ಹಾಕಿಸಿದ್ದೆ. ಅದನ್ನು ಸುಧಾರಣೆ ಎಂದು ಒಂದು ಸಭೆಯಲ್ಲಿ ಹೊಗಳಿಕೊಂಡೂ ಇದ್ದೆ.

ಎರಡನೇ ದಿನ

ಬೆಳಗ್ಗೆ ಏಳಕ್ಕೆ, ಅಂದರೆ ನಮ್ಮಲ್ಲಿ ಹನ್ನೊಂದೂವರೆಗೆ, ಲಕ್ಷ್ಮೀದೇವಮ್ಮನಿಗೆ ಫೋನು ಮಾಡಿದೆ. ಮಧ್ಯಾಹ್ನದ ಭಾಷಣಕ್ಕೆ ಒಂದಾದರೂ ತಾಯಿಯ ಮಾತು ಬೇಕಿತ್ತು.

"ಹಲೋ ಸಾರ್! ಊಟ ಎಲ್ಲ ಹೆಂಗೆ? ಅನ್ನ ಸಿಗ್ತದಾ?"

"ಸಿಗಲ್ಲ. ಎರಡು ನಂಬರ್ ಹೇಳ್ತೀನಿ, ಯಾವ ಮನೆ ಅಂತ ಪುಸ್ತಕ ನೋಡಿ ಹೇಳಿ."

ಹಾಳೆ ತಿರುವುವ ಸದ್ದು. "ಮೊದಲ್ನೇದು ಚಿಂತಾಮಣಿ ಸಾರ್, ಶಬೀನಾ ಅವರಮ್ಮನ ಮನೆ. ಎರಡನೇದು ಶಿಡ್ಲಘಟ್ಟ, ಶಬೀನಾ ಗಂಡನ ಮನೆ. ಅವಳ ಚಿಕ್ಕಪ್ಪನ ಮಗನಿಗೇ ಕೊಟ್ಟವ್ರೆ."

"ಎರಡೂ ಕಡೆ ಶಬೀನಾನೇನಾ?"

"ಮತ್ತೆ? ಚೊಚ್ಚಲ ಹೆರಿಗೆ ಅಲ್ವಾ ಸಾರ್? ತವರಲ್ಲಿ ಹೆತ್ಕೊಂಡು, ಏಳು ತಿಂಗ್ಳಿಗೆ ಇಲ್ಲಿಗೆ ಬಂದ್ಳು. ಅಲ್ಲಿ ಅಜ್ಜಿ ಸಮೀರ್ ಅಂತಿದ್ರು, ಇಲ್ಲಿ ಇವ್ರು ಅಯಾನ್ ಅಂತ ಹೆಸರಿಟ್ರು."

"ಇನ್ನೊಂದು ಮಗು ಎಲ್ಲಿ?"

"ಯಾವ ಇನ್ನೊಂದು ಮಗು ಸಾರ್?"

ಹೋಟೆಲಿನ ಮಂಚದ ಮೇಲೆ ಹಾಗೇ ಕೂತೆ. ಕೈವಾರದ ಪಕ್ಕ ಹುಟ್ಟಿದವನು ನಾನು. ಸುಧಾ ಚೊಚ್ಚಲ ಬಾಣಂತನಕ್ಕೆಂದು ಗೌರಿಬಿದನೂರಿನ ತವರಿಗೆ ಹೋಗಿ ಐದು ತಿಂಗಳು ಇದ್ದಳು. ಪ್ರತಿ ಶನಿವಾರ ಬಸ್ಸು ಹತ್ತಿ ಮಗಳನ್ನು ನೋಡಲು ಹೋಗುತ್ತಿದ್ದವನು ನಾನೇ. ಆ ಐದು ತಿಂಗಳು ನಮ್ಮಂಥ ಒಬ್ಬ ಪಂಡಿತ ಸಿಕ್ಕಿದ್ದರೆ ನನ್ನ ಮಗಳೂ ಅವಳಿಯಾಗುತ್ತಿದ್ದಳು.

"ಅದೇ ಕದಾ ಸಾರ್ ನಾನೂ ಹೇಳಿದ್ದು," ಲಕ್ಷ್ಮೀದೇವಮ್ಮ ಮುಂದುವರಿಸಿದರು. "ಹೋದ ವರ್ಷ ಮೀಟಿಂಗಲ್ಲಿ ಹೇಳ್ದೆ, ಈ ಮಗೂದು ಮೊದಲೇ ಬರ್ದಿದೀವಿ ಅಂತ. ನಂಬರ್ ಬೇರೆ ಅಂದ್ರೆ ಮಗು ಬೇರೆ ಲಕ್ಷ್ಮೀದೇವಮ್ಮ, ಅಂದ್ರಿ. ಓದಿದೋರು ಹೇಳ್ತಾರಲ್ಲ, ಏನೋ ಇರ್ಬೇಕು ಅಂದ್ಕೊಂಡೆ."

ಹಾಗೆಂದದ್ದು ನನಗೆ ಚೆನ್ನಾಗಿ ನೆನಪಿದೆ. ಅವತ್ತು ಎಲ್ಲರೂ ನಕ್ಕಿದ್ದರು ಕೂಡ.

ನಗು ಬರುವಂತಾಯಿತು. ಫೋನು ಕಿವಿಗೇ ಇಟ್ಟುಕೊಂಡು ಚಿಂತಾಮಣಿಯ ನಂಬರಿನ ಸಾಲನ್ನು ಕಂಪ್ಯೂಟರಿನಲ್ಲಿ ಕೊನೆಯವರೆಗೆ ಸರಿಸಿದೆ. ಹುಟ್ಟಿದ ವಾರದ ಕಿವಿ ಪರೀಕ್ಷೆ: ಎರಡೂ ಕಿವಿ ತೇರ್ಗಡೆ ಇಲ್ಲ, ಮುಂದಿನ ಭೇಟಿಯಲ್ಲಿ ಮತ್ತೆ ನೋಡಬೇಕು. ಅದರ ಮುಂದೆ ಮೂರು ಭೇಟಿ, ಮೊದಲನೆಯದೇ ಎಂಟನೇ ತಿಂಗಳಿನಲ್ಲಿ. ಮೂರರಲ್ಲೂ "ಮಗು ಇಲ್ಲ" ಎಂಬ ಚೌಕಕ್ಕೆ ಗುರುತು. ಮೂರು ಸಲ ಸಿಗದ ಮಗುವಿನ ಕಡತವನ್ನು ಕಂಪ್ಯೂಟರ್ ತಾನಾಗಿಯೇ ಮುಚ್ಚುತ್ತದೆ. ಹಾಗೆ ಮಾಡಲು ಅದಕ್ಕೆ ಕಲಿಸಿದವನು ನಾನು. ಶಿಡ್ಲಘಟ್ಟದ ನಂಬರಿನಲ್ಲಿ ಕಿವಿಯ ಅಂಕಣವೇ ಇರಲಿಲ್ಲ. ಅಲ್ಲಿ ಸೇರುವಾಗ ಅದು ಹೊಸ ಕೂಸಾಗಿರಲಿಲ್ಲವಲ್ಲ.

ಕಿವಿಯ ಫಲಿತಾಂಶ ಯಂತ್ರದಿಂದ ನೇರ ನನಗೆ ಬರುತ್ತದೆ. ಎರಡನೇ ಪರೀಕ್ಷೆಯವರೆಗೆ ಮನೆಯವರಿಗೆ ಹೇಳಬಾರದು, ಸುಮ್ಮನೆ ಹೆದರಿಸಿದಂತಾಗುತ್ತದೆ ಎಂಬುದೂ ನನ್ನದೇ ನಿಯಮ. ಲಕ್ಷ್ಮೀದೇವಮ್ಮನಿಗೆ ಇದೇನೂ ತಿಳಿದಿರಲಿಲ್ಲ.

"ಲಕ್ಷ್ಮೀದೇವಮ್ಮ, ಆ ಮಗು ಮಾತಾಡ್ತದಾ?"

"ಇನ್ನೂ ಇಲ್ಲ ಸಾರ್. ಎರಡು ವರ್ಷ ಆಗ್ತಾ ಬಂತು. ಗಂಡು ಮಕ್ಕಳು ತಡ ಅಂತಾರೆ. ಬಂಗಾರದಂಥ ಮಗು ಸಾರ್ ಅದು. ಮನೇಲೇ ರೇಷ್ಮೆಗೂಡಿಂದ ನೂಲು ತೆಗೆಯೋ ಮಷೀನು ಹಗಲೆಲ್ಲ ಓಡ್ತಿರ್ತದೆ, ಅದರ ಪಕ್ಕದಲ್ಲೇ ಮಲಗಿಸ್ತಾರೆ. ಎಷ್ಟು ಗಲಾಟೆ ಆದ್ರೂ..."

ಅವರು ಅಲ್ಲಿಗೆ ನಿಲ್ಲಿಸಿದರು. ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದವರಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಈಗಲೇ ಹೋಗ್ತೀನಿ ಸಾರ್," ಎಂದು ಫೋನು ಇಟ್ಟರು.

ಅದೇ ಮಧ್ಯಾಹ್ನ

ಸಭಾಂಗಣದ ಬಾಗಿಲಿಗೆ ನನ್ನ ಭಾಷಣದ ಚೀಟಿ ಅಂಟಿಸಿದ್ದರು. ಬೇರೆಯಾದ ಅವಳಿಗಳು, ಒಂದು ಭಾರತೀಯ ಪದ್ಧತಿ. ನಮ್ಮ ಅಧ್ಯಯನ ಮುಂದುವರಿಯಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿಯವರು ಮೊದಲ ಸಾಲಿನಲ್ಲೇ ಕೂತಿದ್ದರು. ಜಾಕೆಟ್ಟು ತೆಗೆಯಲು ಹೋಗಿ ಕನ್ನಡಕ ಬಿದ್ದೀತೆಂದು ಅದನ್ನು ಹಾಕಿಕೊಂಡೇ ವೇದಿಕೆ ಹತ್ತಿದೆ.

ಮುಚ್ಚಿಟ್ಟುಕೊಳ್ಳುವ ಆಸೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಬಂತು. ಇವತ್ತು ಅವಳಿಗಳನ್ನು ಮೆರೆಸಿ, ಊರಿಗೆ ಹೋಗಿ ಮಗುವನ್ನು ಆಸ್ಪತ್ರೆಗೆ ಸೇರಿಸಿ, ತಿಂಗಳು ಬಿಟ್ಟು ಸಣ್ಣದೊಂದು ತಿದ್ದುಪಡಿ ಕಳಿಸಿದರೆ ಯಾರಿಗೇನು ನಷ್ಟ ಎಂದು ಮೆಟ್ಟಿಲು ಹತ್ತುವಾಗಲೂ ಲೆಕ್ಕ ಹಾಕುತ್ತಿದ್ದೆ. ಆಗ ಜೇಬಿನಲ್ಲಿ ಫೋನು ನಡುಗಿತು. ಲಕ್ಷ್ಮೀದೇವಮ್ಮ ಮಾತು ಮುದ್ರಿಸಿ ಕಳಿಸಿದ್ದರು. ಸಭೆಗೆ ಬೆನ್ನು ಮಾಡಿ ಕಿವಿಗೆ ಹಿಡಿದೆ.

"ಸಾರ್, ಮಷೀನ್ ನಿಲ್ಲಿಸ್ದೆ. ಮಗು ಹಿಂದೆ ನಿಂತ್ಕೊಂಡು ಸ್ಟೀಲ್ ತಟ್ಟೆಗೆ ಸೌಟಲ್ಲಿ ಬಡಿದೆ. ಅವರಜ್ಜಿ ಅಡುಗೆಮನೆಯಿಂದ ಓಡಿ ಬಂದ್ರು. ಪಕ್ಕದ ಮನೆಯವರು ಬಂದ್ರು. ಮಗು ತಿರುಗಲಿಲ್ಲ ಸಾರ್."

ನಾನು ಬರೆದು ತಂದದ್ದನ್ನು ಮಡಿಚಿಟ್ಟೆ. ಇವು ಅವಳಿಗಳಲ್ಲ ಎಂದು ಶುರುಮಾಡಿದೆ. ನಮ್ಮ ಕಡೆ ಹೆಣ್ಣು ಮೊದಲ ಹೆರಿಗೆಗೆ ತವರಿಗೆ ಹೋಗುತ್ತಾಳೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತಾಳೆ, ಇದು ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು, ನನಗೆ ಗೊತ್ತಾಗಲಿಲ್ಲ ಎಂದೆ. ಕೆಲವರು ನಕ್ಕರು. ಲಕ್ಷ್ಮೀದೇವಮ್ಮ ಹೇಳಿದ್ದು, ನಾನು ಅವರ ಬಾಯಿ ಮುಚ್ಚಿಸಿದ್ದು ಎರಡನ್ನೂ ಹೇಳಿದೆ. ಆಮೇಲೆ ಮುಚ್ಚಿದ ಕಡತದ ವಿಷಯ ಹೇಳಿದೆ. ನಗು ನಿಂತಿತು. ಕಿವಿ ಕೇಳದ ಮಗುವಿಗೆ ಮೊದಲ ಎರಡು ವರ್ಷ ಎಷ್ಟು ಮುಖ್ಯವೆಂದು ಆ ಸಭೆಗೆ ನಾನು ವಿವರಿಸಬೇಕಿರಲಿಲ್ಲ. ನನಗೆ ನಾಚಿಕೆಯಾಗಿತ್ತು, ಅದನ್ನೂ ಹೇಳಿದೆ.

ಇಂಗ ಕೈ ಎತ್ತಿದರು.

"ಆ ಮಗುವಿಗೆ ಪರೀಕ್ಷೆ ಯಾವಾಗ?"

"ಇನ್ನೂ ಗೊತ್ತುಮಾಡಿಲ್ಲ."

"ಹಾಗಾದರೆ ಭಾಷಣ ಸಾಕು. ಹೋಗಿ ಫೋನು ಮಾಡಿ," ಎಂದರು.

"ಮಗು ಇಲ್ಲ" ಎಂದು ಮುಚ್ಚಿದ ಪ್ರತಿಯೊಂದು ಕಡತದ ಮಗುವನ್ನೂ ಹುಡುಕಿ ಮುಗಿಸುವವರೆಗೆ ಅಧ್ಯಯನ ನಿಲ್ಲಿಸಿರಬೇಕೆಂದು ಸಮಿತಿ ತೀರ್ಮಾನಿಸಿತು. ಸರಿಯಾಗಿಯೇ ಇತ್ತು. ಹೊರಗೆ ಮೊಗಸಾಲೆಯಲ್ಲಿ ನಿಂತು ಬೆಂಗಳೂರಿನ ಪರಿಚಿತ ಕಿವಿ ವೈದ್ಯರೊಬ್ಬರನ್ನು ಹಿಡಿದು, ಶುಕ್ರವಾರ ಮಧ್ಯಾಹ್ನ ಹೊತ್ತು ಗೊತ್ತುಮಾಡಿದೆ. ಮರುದಿನದ ಊರು ಸುತ್ತುವ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಆದ್ದರಿಂದ ಡೆನ್ಮಾರ್ಕಿನ ಅರಮನೆ, ಕಡಲತೀರಗಳ ಬಗ್ಗೆ ಓದುಗರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಶಿಡ್ಲಘಟ್ಟ

ಶುಕ್ರವಾರ ಬೆಳಗ್ಗೆ ಲಕ್ಷ್ಮೀದೇವಮ್ಮನನ್ನು ಕೂರಿಸಿಕೊಂಡು ಆ ಮನೆಗೆ ಹೋದೆ. ಹದಿನೈದು ವರ್ಷದಲ್ಲಿ ನಮ್ಮ ಅಧ್ಯಯನದ ಮನೆಯೊಂದರ ಹೊಸಿಲು ದಾಟಿದ್ದು ಅದೇ ಮೊದಲು. ಬೆಂದ ರೇಷ್ಮೆಗೂಡಿನ ವಾಸನೆ ಬೀದಿಯಲ್ಲೇ ಮೂಗಿಗೆ ಬಡಿಯಿತು. ಶಬೀನಾಳ ಗಂಡ ಮಷೀನು ನಿಲ್ಲಿಸಿ, ಕೈ ಒರೆಸಿಕೊಂಡು, ಕುರ್ಚಿ ಹಾಕಿದ. ಶಬೀನಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗು ನಮ್ಮ ತುಟಿಗಳನ್ನೇ ನೋಡುತ್ತಿತ್ತು.

ನಾನು ಎಲ್ಲವನ್ನೂ ಹೇಳಿದೆ. ಹುಟ್ಟಿದ ವಾರದ ಫಲಿತಾಂಶ ಏನಿತ್ತು, ಯಾರಿಗೆ ಬಂದಿತ್ತು, ಯಾಕೆ ಅಲ್ಲೇ ಉಳಿಯಿತು ಎಲ್ಲ. ತಪ್ಪು ನನ್ನದು, ಲಕ್ಷ್ಮೀದೇವಮ್ಮನದಲ್ಲ ಎಂದೂ ಹೇಳಿದೆ. ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಶಬೀನಾ ಮಗುವಿಗೆ ಸ್ವೆಟರು ತೊಡಿಸಿ, ಗುಂಡಿಗಳನ್ನು ಒಂದೊಂದಾಗಿ ಹಾಕಿ, ಬೆಂಗಳೂರಿಗೆ ಹೊರಡಲು ಎದ್ದು ನಿಂತ ಮೇಲೆ ಮಾತಾಡಿದಳು.

"ನಂಗೂ ಅನುಮಾನ ಇತ್ತು ಸಾರ್. ಕುಕ್ಕರ್ ಕೂಗಿದ್ರೂ ನೋಡ್ತಿರ್ಲಿಲ್ಲ. ತೋರಿಸೋಣ ಅಂತ ಇವರಿಗೂ ಹೇಳಿದ್ದೆ. ಆಮೇಲೆ ನಾನೇ ಬೇಡ ಅಂದೆ. ಹುಟ್ಟಿದಾಗ ನಿಮ್ಮೋರು ಬಂದು ಕಿವಿಗೆ ಮಷೀನ್ ಇಟ್ಟು ನೋಡಿದ್ರಲ್ಲಾ? ಏನಾದ್ರೂ ಇದ್ದಿದ್ರೆ ಬಂದು ಹೇಳ್ತಿದ್ರು ಅಂತ ಸುಮ್ನಿದ್ದೆ."